ಹಳೆಯ ವಾರ್ನಿಷ್ ತೆಗೆಯದೆ ಅದರ ಮೇಲೆಯೇ ಬಣ್ಣ ಬಳಿದು ಹೋದ: ಹಲಗೆ ನೆಲ ಇರುವವರು ದಯವಿಟ್ಟು ಓದಿ

ಆಲ್ದೂರಿನ ಹತ್ತಿರದ ನಮ್ಮ ಹಳೆಯ ಮನೆಯ ಮಹಡಿಯ ನೆಲವನ್ನು ಕೈಯಾರೆ ದುಡ್ಡು ಕೊಟ್ಟು ಹಾಳು ಮಾಡಿಸಿಕೊಂಡು ಎರಡು ತಿಂಗಳಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನೆಲದ ಪಾಲಿಶ್ ಕೆಲಸ ಮಾಡಿದ ಅದೇ ಮನುಷ್ಯ ಮೂಡಿಗೆರೆ ಕಡೆಯ ಇನ್ನೊಂದು ತೋಟದ ಮನೆಯ ಕೆಲಸ ಒಪ್ಪಿಕೊಂಡಿದ್ದಾನೆಂದು ಮೊನ್ನೆ ತಿಳಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ನಮ್ಮದು ಸುಮಾರು 400 ಚದರ ಅಡಿಯ ಹೊನ್ನೆ ಹಲಗೆಯ ನೆಲ. ಅಪ್ಪ ಇದ್ದಾಗ ಎರಡು ಮೂರು ಸಲ ವಾರ್ನಿಷ್ ಮೇಲೆ ವಾರ್ನಿಷ್ ಹೊಡೆಸಿದ್ದರಿಂದ ಅದು ಹಳದಿಗಟ್ಟಿ, ಓಡಾಡುವ ಕಡೆ ಸವೆದು, ಗೋಡೆಯ ಅಂಚಿನಲ್ಲಿ ದಪ್ಪ ಪದರವಾಗಿ ಉಳಿದುಕೊಂಡಿತ್ತು. ಅದನ್ನೆಲ್ಲ ತೆಗೆಸಿ, ಬೀಟೆ ಬಣ್ಣದ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಕೊಡಿಸಿ, ಮೇಲೆ ಹೊಸ ಪಾಲಿಶ್ ಮಾಡಿಸಬೇಕೆಂಬುದು ಅಮ್ಮನ ಬಹಳ ದಿನಗಳ ಆಸೆ. ಚದರ ಅಡಿಗೆ 90 ರೂಪಾಯಿಯಂತೆ ಮಾತಾಯಿತು. 25,000 ರೂಪಾಯಿ ಅಡ್ವಾನ್ಸ್ ಕೊಟ್ಟೆ. ಮೇ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲೇ ಮುಗಿಸಿಕೊಡುವುದಾಗಿ ಆತ ಒಪ್ಪಿಕೊಂಡ.

ಮೊದಲ ದಿನ ಮೆಟ್ಟಿಲಿನ ಪಕ್ಕದಲ್ಲಿ ಚಾಪೆಯಷ್ಟು ಜಾಗವನ್ನು ಮೆಷಿನ್ನಿನಲ್ಲಿ ಉಜ್ಜಿ ತೋರಿಸಿದ. ತಿಳಿಗೆಂಪು ಮರ ಚೆನ್ನಾಗಿ ಕಾಣಿಸಿತು. "ನೋಡಿ ಸಾರ್, ಎಲ್ಲಾ ಕಡೆ ಹೀಗೇ ಬರಿ ಮರ ಬರೋವರೆಗೂ ಉಜ್ತೀವಿ, ನೀವು ತಲೆ ಕೆಡಿಸ್ಕೋಬೇಡಿ" ಎಂದ. ನಾನು ನಂಬಿದೆ. ಅಮ್ಮನ ಕಣ್ಣಿನ ಆಪರೇಷನ್ನಿಗಾಗಿ ಹಾಸನಕ್ಕೆ ಹೋಗಬೇಕಿತ್ತು. ಮನೆಯ ಬೀಗದ ಕೈಯನ್ನೂ ಕೊಟ್ಟು ಹೋದೆ. ನಾಲ್ಕು ದಿನ ಬಿಟ್ಟು ಬಂದಾಗ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಉಳಿದ 11,000 ರೂಪಾಯಿಯನ್ನು ಅಲ್ಲಿಯೇ ಎಣಿಸಿಕೊಟ್ಟೆ. ಹೌದು, ಕಾಲಿಟ್ಟು ಸಹ ನೋಡದೆ ಕೊಟ್ಟೆ.

ವಾರವಾದರೂ ಅಂಟು ಹೋಗಲಿಲ್ಲ. ನಡೆದರೆ ಅಂಗಾಲು ಹಿಡಿದು ಬಿಡುತ್ತಿತ್ತು, ಹಾಸಿದ ಪೇಪರು ಅಂಟಿ ಅದರ ಅಕ್ಷರಗಳು ನೆಲದಲ್ಲಿ ಮೂಡಿದವು. ಫೋನ್ ಮಾಡಿದರೆ, "ಥಂಡಿ ಸಾರ್, ಮಳೆ ಅಲ್ವಾ, ಇನ್ನೊಂದು ವಾರ ಬಿಡಿ" ಎಂದ. ಬಿಟ್ಟೆ. ಆಮೇಲೆ ಒಂದು ದಿನ ಮಂಚ ಸರಿಸಿದಾಗ ಅದರ ಕಾಲಿನ ಜೊತೆಗೇ ಬಣ್ಣವು ಹಾಲಿನ ಕೆನೆಯಂತೆ ಎದ್ದು ಬಂತು. ಅದರ ಕೆಳಗೆ ಹಳೆಯ ವಾರ್ನಿಷ್ ಹೊಳೆಯುತ್ತಿತ್ತು. ಅಷ್ಟೇ ಅಲ್ಲ, ನನ್ನ ತಂಗಿ ಚಿಕ್ಕವಳಿದ್ದಾಗ ಕೈವಾರದ ಮೊನೆಯಿಂದ ಆ ವಾರ್ನಿಷ್ ಮೇಲೆ ಗೀಚಿದ್ದ 'ಗೀ' ಎಂಬ ಅಕ್ಷರ ಒಂದಿಷ್ಟೂ ಮಾಸದೆ ಅಲ್ಲಿಯೇ ಇತ್ತು. ವಾರ್ನಿಷ್ ತೆಗೆದಿದ್ದರೆ ಅದು ಉಳಿಯಲು ಸಾಧ್ಯವೇ ಇರಲಿಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಇಡೀ ನೆಲದಲ್ಲಿ ಬಣ್ಣ ಗಟ್ಟಿಯಾಗಿ ಹಿಡಿದಿರುವುದು ಮೆಟ್ಟಿಲಿನ ಪಕ್ಕದ ಆ ಚಾಪೆಯಷ್ಟು ಜಾಗದಲ್ಲಿ ಮಾತ್ರ.

ಮತ್ತೆ ಫೋನ್ ಮಾಡಿದೆ. "ಹಳೇ ಮರ ಸಾರ್, ಬಣ್ಣ ಹಿಡಿಯಲ್ಲ" ಎಂದ. ಅಕ್ಷರದ ಫೋಟೋ ಕಳಿಸಿದ ಮೇಲೆ, "ಅಮ್ಮನವರು ಒದ್ದೆ ಬಟ್ಟೇಲಿ ಒರೆಸಿರ್ಬೇಕು ನೋಡಿ" ಎಂದ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕೆಳಗಡೆ ಮಲಗಿರುವ, ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿರುವ ನನ್ನ ಅಮ್ಮನ ಮೇಲೆ ಹಾಕಿದ! ಈ ಒಂದು ಮಾತನ್ನು ನಾನು ಮರೆಯುವುದಿಲ್ಲ. ಕೊನೆಗೆ, "ಪೂರ್ತಿ ಉಜ್ಜಬೇಕಂದ್ರೆ ಅದು ಬೇರೆ ರೇಟು ಸಾರ್" ಎಂದ. ಹಾಗಾದರೆ ಮೊದಲ ರೇಟು ಯಾವುದಕ್ಕೆ? ಅದಾದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಬಿಲ್ಲಿಲ್ಲ, ಬರಹದಲ್ಲಿ ಒಂದು ಸಾಲೂ ಇಲ್ಲ.

ಚಿಕ್ಕಮಗಳೂರಿನ ಹಿರಿಯ ಬಡಗಿಯೊಬ್ಬರನ್ನು ಕರೆತಂದು ತೋರಿಸಿದೆ. ಸ್ಟೇನ್ ಎಂಬುದು ಮರದ ರಂಧ್ರಗಳಿಗೆ ಇಳಿಯಬೇಕಾದ ಬಣ್ಣ, ವಾರ್ನಿಷ್ ಆ ರಂಧ್ರಗಳನ್ನು ಮುಚ್ಚಿರುವಾಗ ಅದು ಮೇಲೆಯೇ ನಿಂತು ಅಂಟಂಟಾಗುತ್ತದೆ, ಅದರ ಮೇಲೆ ಎಂಥ ಪಾಲಿಶ್ ಹೊಡೆದರೂ ನಿಲ್ಲುವುದಿಲ್ಲ ಎಂದು ವಿವರಿಸಿದರು. ಇಂಥ ನೆಲವನ್ನು 40 ಅಥವಾ 60 ನಂಬರಿನ ಒರಟು ಸ್ಯಾಂಡ್ ಪೇಪರಿನಿಂದ ಆರಂಭಿಸಿ, 80ಕ್ಕೆ ಬಂದು, 120ರಲ್ಲಿ ನುಣುಪು ಮಾಡಬೇಕಂತೆ. ಆತ ಬಿಟ್ಟುಹೋದ ಚೀಲದಲ್ಲಿ ಇದ್ದದ್ದು 120 ನಂಬರಿನ ಆರು ಹಾಳೆಗಳು ಮಾತ್ರ, ಅವುಗಳಲ್ಲಿ ಎರಡರ ಮಡಿಕೆಯನ್ನೂ ಬಿಚ್ಚಿರಲಿಲ್ಲ. ಬಣ್ಣ ಒರೆಸಿದ ಎಣ್ಣೆ ಬಟ್ಟೆಗಳನ್ನು ಮೆಟ್ಟಿಲ ಕೆಳಗೆ ಸೌದೆಯ ಪಕ್ಕ ಮುದ್ದೆ ಮಾಡಿ ತುರುಕಿದ್ದ. ಅಂಥ ಬಟ್ಟೆ ರಾಶಿಯಾಗಿ ಬಿದ್ದಿದ್ದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದೆಂದು ಬಡಗಿ ಹೇಳಿದಾಗ ಎದೆ ಧಸಕ್ಕೆಂದಿತು.

ಈಗ ಎಲ್ಲವನ್ನೂ ಕೆರೆದು ತೆಗೆದು ಮೊದಲಿನಿಂದ ಮಾಡಬೇಕು, ಅದೂ ಮಳೆ ನಿಂತ ಮೇಲೆ. ಅಲ್ಲಿಯವರೆಗೆ ಮಹಡಿಗೆ ಬೀಗ ಹಾಕಿದ್ದೇನೆ.

ನೀವು ಮಾಡಿಸುವುದಾದರೆ, ಉಜ್ಜಿದ ಮೇಲೆ ಬಣ್ಣ ಹಾಕುವ ಮೊದಲು ಮೂಲೆ ಮೂಲೆಗಳಲ್ಲಿ ಒಂದೊಂದು ಹನಿ ನೀರು ಬಿಟ್ಟು ನೋಡಿ. ನೀರು ಮುತ್ತಿನಂತೆ ನಿಂತರೆ ವಾರ್ನಿಷ್ ಇನ್ನೂ ಇದೆ ಎಂದರ್ಥ. ಅವರು ತೋರಿಸಿದ ಜಾಗದಲ್ಲಿ ನೋಡಬೇಡಿ, ನೀವೇ ಆರಿಸಿಕೊಂಡ ಜಾಗದಲ್ಲಿ ನೋಡಿ. ಕೆಲಸ ನಡೆಯುವಾಗ ಊರು ಬಿಟ್ಟು ಹೋಗಬೇಡಿ. ಮೂಡಿಗೆರೆ ಕಡೆಯ ಆ ಮನೆಯವರು ಇದನ್ನು ಓದುತ್ತಿದ್ದರೆ, ಕೊನೆಯ ಕಂತು ಕೊಡುವ ಮುನ್ನ ಎರಡು ವಾರ ಕಾಯಿರಿ, ಮಂಚವನ್ನೊಮ್ಮೆ ಸರಿಸಿ ನೋಡಿರಿ.