‘ಡಿಪ್ ಆಗಿದೆ’ ಅಂತ ಕೊಟ್ಟ ಜೋವಾ ಟ್ಯಾಂಕಿಗೆ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರಿಗೆ ಈ ಮಾತು. ಜೋವಾ ಅಂದರೆ ಗುಂಪಾಗಿ ಬೆಳೆದು ಹೂವಿನ ಹಾಗೆ ಅರಳುವ ಮೆತ್ತನೆಯ ಹವಳ. ಹವಳ ಮಾರುವವರು ‘ಡಿಪ್ ಮಾಡಿದ್ದೀವಿ ಸರ್, ನೇರ ಟ್ಯಾಂಕಿಗೆ ಹಾಕ್ಕೊಳ್ಳಿ’ ಅಂದರೆ ಹಾಕಿಕೊಳ್ಳಬೇಡಿ. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಡಿಪ್ ಮಾಡಿಯೇ, ಅಂದರೆ ಹುಳ ಸಾಯಲೆಂದು ಹವಳವನ್ನು ಔಷಧಿ ನೀರಿನಲ್ಲಿ ಅದ್ದಿಯೇ ಇರಬಹುದು. ಆದರೆ ಡಿಪ್‌ಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ನನ್ನ ಜೋವಾಗಳನ್ನು ತಿಂದು ಮುಗಿಸಿದ್ದು ಆ ಮೊಟ್ಟೆಗಳಿಂದ ಬಂದ ಸಂತಾನ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಹವ್ಯಾಸಿಗಳು ತಮ್ಮ ಹವಳವನ್ನು ತುಂಡು ಮಾಡಿ ಫ್ರ್ಯಾಗ್ ಅಂತ ಮಾರುವುದು ಮಾಮೂಲಿ. (ಊರಿನಲ್ಲಿರುವವರು ಗಮನಿಸಿ, ನಮ್ಮಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಬೆಂಗಳೂರಿನಲ್ಲಿ ಯಾರೋ ಗುಟ್ಟಾಗಿ ಕೊಡುತ್ತಾರೆ ಅಂತ ಹೋಗಿ ಸಿಕ್ಕಿಕೊಳ್ಳಬೇಡಿ.) ಹಾಗೆ ಮಾರುವ ಒಬ್ಬರಿಂದ ಕಿತ್ತಳೆ ಬಣ್ಣದ ಜೋವಾ ತಂದೆ. ಮೊದಲು ಚೆನ್ನಾಗಿಯೇ ಅರಳಿದವು. ಆಮೇಲೆ ಒಂದೊಂದೇ ಪಾಲಿಪ್, ಅಂದರೆ ಹವಳದ ಒಂದೊಂದು ‘ಹೂ’, ಮುಚ್ಚಿಕೊಂಡಿತು, ಮುಚ್ಚಿಕೊಂಡಿದ್ದು ತೆರೆಯಲೇ ಇಲ್ಲ, ಪಕ್ಕದ ಹಳೇ ಕಾಲೊನಿಯೂ ಅದೇ ದಾರಿ ಹಿಡಿಯಿತು. ಉಪ್ಪಿನಂಶ ಸರಿ ಇತ್ತು, ಆಲ್ಕಲಿನಿಟಿ (ನೀರಿನ ಕ್ಷಾರಗುಣ) ಸರಿ ಇತ್ತು, ಲೈಟ್ ಬದಲಿಸಿರಲಿಲ್ಲ.

ಹವಳ ಸಾಕುವವರ ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ ಬ್ರಿಸಲ್ ವರ್ಮ್ ಅನ್ನುವ ಹುಳದ ಕಡೆ ಬೊಟ್ಟು ಮಾಡಿದರು. ಪಾಪ, ಅದರದ್ದೇನೂ ತಪ್ಪಿಲ್ಲ. ಮೈಯುದ್ದಕ್ಕೂ ಬಿಳಿ ಮುಳ್ಳುಗೂದಲಿರುವ ಸಾಧಾರಣ ಬ್ರಿಸಲ್ ವರ್ಮ್ ಉಳಿದ ಆಹಾರ, ಸತ್ತದ್ದನ್ನು ತಿಂದು ಟ್ಯಾಂಕ್ ಚೊಕ್ಕಟವಾಗಿಡುತ್ತದೆ. ಸಾಯುತ್ತಿರುವ ಹವಳದ ಮೇಲೆ ಅದು ಕಾಣುತ್ತದೆ, ಅದಕ್ಕೇ ಕಳ್ಳನ ಪಟ್ಟ. ಹೆದರಬೇಕಾದ್ದು ಯೂನಿಸಿಡ್ ಜಾತಿಗೆ, ತಲೆಯ ಮೇಲೆ ಸಾಮಾನ್ಯವಾಗಿ ಐದು ಮೀಸೆಯಂಥ ಎಳೆಗಳು, ಬಾಯಲ್ಲಿ ಗಟ್ಟಿ ದವಡೆ ಇರುತ್ತವೆ. ಅದು ಬೇರೆ ಕಥೆ.

ನಿಜವಾದ ಕಳ್ಳ ಸಿಕ್ಕಿದ್ದು ರಾತ್ರಿ, ಲೈಟ್ ಎಲ್ಲ ಆರಿದ ಮೇಲೆ ಟಾರ್ಚ್ ಹಾಕಿದಾಗ. ಒಂದು ಜೋವಾ ನಡೆಯುತ್ತಿತ್ತು! ಹತ್ತಿರದಿಂದ ನೋಡಿದರೆ ನುಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. ಜೋವಾ ತಿನ್ನುವ ಈ ಜಾತಿಯ ಬೆನ್ನಿನ ಮೇಲೆ ಎಳೆ ಎಳೆಯಾಗಿ ಬೆಳೆದಿರುತ್ತದೆ, ಥೇಟ್ ಪಾಲಿಪ್‌ನ ಅಂಚಿನ ಎಳೆಗಳ ಹಾಗೆ. ತಿಂದ ಜೋವಾದ ಬಣ್ಣ, ಅದರೊಳಗಿನ ಪಾಚಿಕಣ ಕೂಡ ಇದರ ಮೈಗೆ ಬರುತ್ತದೆ. ಕಿತ್ತಳೆ ತಿಂದಿದ್ದು ಕಿತ್ತಳೆಯಾಗಿಯೇ ಇತ್ತು. ಹಗಲಲ್ಲಿ ಮುಚ್ಚಿದ ಪಾಲಿಪ್‌ಗಳ ಸಂದಿಯಲ್ಲಿ ಕೂತರೆ ದೇವರಾಣೆಗೂ ಗೊತ್ತಾಗುವುದಿಲ್ಲ.

ಫ್ರ್ಯಾಗ್ ತೆಗೆದು ತಿರುಗಿಸಿದೆ. ಪ್ಲಗ್‌ನ, ಅಂದರೆ ಫ್ರ್ಯಾಗ್ ಅಂಟಿಸಿರುವ ಪುಟ್ಟ ಬಿಲ್ಲೆಯ, ಅಡಿಯಲ್ಲಿ, ಅಂಟು ಹಾಕಿದ ಅಂಚಿನಲ್ಲಿ, ಪುಟ್ಟ ಚಕ್ಕುಲಿಯ ಹಾಗೆ ಬಿಳಿ ಸುರುಳಿಗಳು. ಅವೇ ಮೊಟ್ಟೆ. ಮಾರಿದವರಿಗೆ ಫೋಟೋ ಕಳಿಸಿದರೆ ‘ನಿಮ್ಮ ಲೈವ್ ರಾಕ್‌ನಿಂದ ಬಂದಿರಬೇಕು’ ಅಂದರು (ಲೈವ್ ರಾಕ್ ಅಂದರೆ ಟ್ಯಾಂಕಿನಲ್ಲಿಡುವ, ಜೀವಿಗಳಿರುವ ಕಡಲ ಕಲ್ಲು). ಆ ಜೋವಾ ತರುವ ಮುಂಚೆ ತಿಂಗಳುಗಟ್ಟಲೆ ನನ್ನ ಟ್ಯಾಂಕಿಗೆ ಹೊಸದೇನೂ ಬಂದಿರಲಿಲ್ಲ. ದುಡ್ಡು ಕೇಳಿದ ಮೇಲೆ ಉತ್ತರವೇ ಇಲ್ಲ.

ಹಾಗಾಗಿ ಜೋವಾ ತಂದರೆ ಮೊದಲು ಪ್ಲಗ್ ಕಿತ್ತು ಬಿಸಾಡಿ. ಸಿಕ್ಕ ಮೊಟ್ಟೆಯನ್ನೆಲ್ಲ ನೀರೊಳಗೇ ಚಿಮಟದಿಂದ ಎತ್ತಿ ತೆಗೆಯಿರಿ. ಆಮೇಲೆ ಡಿಪ್ ಮಾಡಿ ಬೇರೆ ಟ್ಯಾಂಕಿನಲ್ಲಿ ಇಟ್ಟುಕೊಳ್ಳಿ, ವಾರಕ್ಕೊಮ್ಮೆಯಾದರೂ ಮತ್ತೆ ಡಿಪ್ ಮಾಡುತ್ತಿರಿ, ಏಕೆಂದರೆ ಕಣ್ಣು ತಪ್ಪಿಸಿಕೊಂಡ ಮೊಟ್ಟೆ ಒಡೆದು ಮರಿ ಬಂದ ಮೇಲೆ, ಅದು ದೊಡ್ಡದಾಗಿ ತಾನೂ ಮೊಟ್ಟೆ ಇಡುವ ಮುಂಚೆ ಹಿಡಿಯಬೇಕು. ಮೆಲನ್ಯುರಸ್ ರ‍್ಯಾಸ್ ಮೀನು ತಿನ್ನುತ್ತದೆ ಅಂತಾರೆ. ತಿಂದರೆ ಲಾಭ, ಅದನ್ನೇ ನಂಬಿ ಕೂರುವ ಹಾಗಿಲ್ಲ.

ಸುರುಳಿ ಸುರುಳಿಯಾಗಿ ಕಪ್ಪು ಬಿಳಿ ಚೌಕಳಿಯ ಮುದ್ದಾದ ಬಸವನಹುಳು ಕಂಡರೆ ಅದನ್ನೂ ತೆಗೆಯಿರಿ. ಅದು ಸನ್‌ಡಯಲ್, ಅದಕ್ಕೂ ಊಟ ಜೋವಾನೇ.

ಇನ್ನೊಂದು ವಿಷಯ, ಇದು ಹವಳದ್ದಲ್ಲ, ನಿಮ್ಮ ಜೀವದ್ದು. ಗ್ರೂಪಿನಲ್ಲಿ ಒಬ್ಬರು ‘ಕಲ್ಲು ಹೊರಗೆ ತೆಗೆದು ಕುದಿಯೋ ನೀರು ಹುಯ್ದುಬಿಡಿ, ಹುಳ ಮೊಟ್ಟೆ ಎಲ್ಲ ಹೋಗುತ್ತೆ’ ಅಂತ ಬರೆದಿದ್ದರು. ಜೋವಾ ಇರುವ ಕಲ್ಲಿಗೆ ಇದನ್ನು ಯಾವತ್ತೂ ಮಾಡಬೇಡಿ. ಇವುಗಳಲ್ಲಿ ಕೆಲವು ಜಾತಿಗಳಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಆವಿಯಲ್ಲಿ ಅದು ಗಾಳಿಗೆ ಸೇರುತ್ತದೆ. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಕ್ವೇರಿಯಂ ಅಂಗಡಿಯಲ್ಲೂ ಮನೆಗಳಲ್ಲೂ ಇಂಥ ಹವಳದ ವಿಷ ಉಸಿರಿಗೆ ಸೇರಿ ಜನ ಕಾಯಿಲೆ ಬಿದ್ದಿರಬಹುದಾದ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲಿ ವರದಿ ಮಾಡಿತ್ತು. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಬಾಯಲ್ಲಿ ಲೋಹದಂಥ ಕಹಿ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಹವಳ ಮುಟ್ಟಿದ್ದೆ ಅಂತ ಡಾಕ್ಟರಿಗೆ ಹೇಳಿ. ಜೋವಾ ಕೀಳುವಾಗ, ಕತ್ತರಿಸುವಾಗ ಗ್ಲೌಸು, ಕನ್ನಡಕ ಬೇಕೇ ಬೇಕು. ಬ್ರಷ್ ಹಾಕಿ ಉಜ್ಜಬೇಡಿ, ಹನಿ ಸಿಡಿಯುತ್ತದೆ.

ಯಾವ ಪ್ರಾಣಿ ಅಂತ ಕೇಳಲು ಫೋಟೋ ಹಾಕುವವರು ದಯವಿಟ್ಟು ನೀಲಿ ಲೈಟ್ ಆರಿಸಿ, ಬಿಳಿ ಬೆಳಕಿನಲ್ಲಿ ತೆಗೆಯಿರಿ. ನೀಲಿಯಲ್ಲಿ ತೆಗೆದರೆ ಹುಳವೂ ಹವಳವೂ ಒಂದೇ ಥರ ಹೊಳೆಯುತ್ತವೆ, ಯಾರಿಗೂ ಏನೂ ತಿಳಿಯುವುದಿಲ್ಲ. ಪ್ಲಗ್‌ನ ಅಡಿಯ ಫೋಟೋವನ್ನೂ ಸೇರಿಸಿ.