ಬೆಟ್ಟಾ ಮೀನಿನ ವರ್ತನೆ ಬದಲಾದಾಗ: ನೀರು ಪರೀಕ್ಷಿಸುವ ಕಿಟ್‌ನ ವಿಮರ್ಶೆ

ಬೆಟ್ಟಾ ಮೀನು ಇದ್ದಕ್ಕಿದ್ದಂತೆ ಆಹಾರ ಬಿಟ್ಟು ಟ್ಯಾಂಕಿನ ಮೂಲೆ ಹಿಡಿದರೆ ಸಾಕುವವರ ಕೈ ಸಾಮಾನ್ಯವಾಗಿ ಮೊದಲು ಔಷಧಿಯ ಬಾಟಲಿಗೇ ಹೋಗುತ್ತದೆ. ಅದಕ್ಕೂ ಮುನ್ನ ಕೈಗೆತ್ತಿಕೊಳ್ಳಬೇಕಾದದ್ದು ಹನಿ ಹಾಕಿ ನೀರನ್ನು ಪರೀಕ್ಷಿಸುವ ಕಿಟ್ ಎಂಬುದು ಅದನ್ನು ದೀರ್ಘಕಾಲ ಬಳಸಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ. ನನ್ನ ಬಳಿ ಇರುವುದು ಅಮೋನಿಯಾ (ಮೀನಿನ ತ್ಯಾಜ್ಯ ಮತ್ತು ಕೊಳೆಯುವ ವಸ್ತುಗಳಿಂದ ನೀರಿಗೆ ಸೇರುವ ವಿಷ), ಅದರಿಂದಲೇ ಮುಂದೆ ಉಂಟಾಗುವ ನೈಟ್ರೈಟ್ ಮತ್ತು ನೈಟ್ರೇಟ್, ಹಾಗೂ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ತಿಳಿಸುವ ಪಿಎಚ್ ಈ ನಾಲ್ಕನ್ನೂ ಅಳೆಯುವ ಸಾಮಾನ್ಯ ಮಾದರಿಯ ಕಿಟ್. ಈ ಬಗೆಯ ಕಿಟ್‌ಗಳ ರಚನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಲ್ಲಿ ಹೇಳುವ ಮಾತು ಯಾವುದೋ ಒಂದು ಕಂಪನಿಗೆ ಸೀಮಿತವಲ್ಲ.

ಬೆಟ್ಟಾ ಸಾಕುವವರಿಗೆ ಇಂಥ ಕಿಟ್ ಇನ್ನೂ ಹೆಚ್ಚು ಅಗತ್ಯವೆನ್ನಲು ಕಾರಣವಿದೆ. ತಲೆಯೊಳಗಿರುವ ಲ್ಯಾಬಿರಿಂತ್ ಎಂಬ ಅಂಗದ ನೆರವಿನಿಂದ ಈ ಮೀನು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನು ಉಸಿರಾಡಬಲ್ಲದು. ಹೀಗಾಗಿ ಆಮ್ಲಜನಕ ಕಡಿಮೆಯಿರುವ, ಬೇರೆ ಮೀನುಗಳು ತಾಳಲಾರದ ನೀರಿನಲ್ಲೂ ಅದು ಜೀವ ಹಿಡಿದುಕೊಂಡಿರುತ್ತದೆ, ನಾವೋ ಅದು ಬದುಕಿರುವುದನ್ನೇ ಆರೋಗ್ಯವೆಂದು ಭಾವಿಸಿಬಿಡುತ್ತೇವೆ. ಆದರೆ ಗಾಳಿ ಉಸಿರಾಡುವ ಶಕ್ತಿ ಅದರ ಕಿವಿರುಗಳನ್ನು ಅಮೋನಿಯಾದಿಂದ ಕಾಪಾಡುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರೊಳಗೆ ಅಮೋನಿಯಾ ಇರಬಹುದು.

ಅಮೋನಿಯಾ ಪರೀಕ್ಷೆಯೇ ಈ ಕಿಟ್‌ನ ಜೀವಾಳ. ಟೆಸ್ಟ್ ಟ್ಯೂಬಿನ ಗೆರೆಯವರೆಗೆ ಟ್ಯಾಂಕಿನ ನೀರು ತುಂಬಿಸಿ, ಎರಡು ಬಾಟಲಿಗಳಿಂದ ಹೇಳಿದಷ್ಟು ಹನಿ ಹಾಕಿ, ಮುಚ್ಚಳ ಹಾಕಿ ಕುಲುಕಿ, ಕೆಲವು ನಿಮಿಷ ಕಾಯಬೇಕು. ಬಣ್ಣ ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲವೆಂದು ಅರ್ಥ. ಹಸಿರು ಗಾಢವಾದಷ್ಟೂ ಅದರ ಪ್ರಮಾಣ ಹೆಚ್ಚು. ಒಮ್ಮೆ ನನ್ನ ಬೆಟ್ಟಾ ರೆಕ್ಕೆಗಳನ್ನು ಮೈಗೆ ಮಡಚಿಕೊಂಡು ಹೀಟರಿನ ಹಿಂದೆ ಅಲುಗಾಡದೆ ನಿಂತುಬಿಟ್ಟಿತ್ತು. ಆಗಾಗ ಸರ್ರನೆ ಮುನ್ನುಗ್ಗಿ, ಮೈಯನ್ನು ಗಿಡದ ಎಲೆಗೆ ಉಜ್ಜಿಕೊಂಡು, ಮತ್ತೆ ಅದೇ ಜಾಗಕ್ಕೆ ಹಿಂದಿರುಗುತ್ತಿತ್ತು. ಮೈ ಉಜ್ಜಿಕೊಳ್ಳುವುದು ಪರೋಪಜೀವಿಗಳ ಲಕ್ಷಣವೂ ಹೌದು, ಕೆಟ್ಟ ನೀರಿನಿಂದಾಗುವ ಉರಿಯ ಲಕ್ಷಣವೂ ಹೌದು. ಕಣ್ಣಳತೆಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಟ್ಯೂಬು ಸ್ಪಷ್ಟವಾದ ಹಸಿರಿಗೆ ತಿರುಗಿದಾಗ ಹುಡುಕಬೇಕಾದ ದಿಕ್ಕು ಗೊತ್ತಾಯಿತು. ಮರದ ತುಂಡಿನ ಅಡಿಯಲ್ಲಿ ಬಸವನಹುಳು ಸತ್ತು ಕೊಳೆಯುತ್ತಿತ್ತು. ಅದನ್ನು ತೆಗೆದು, ಟ್ಯಾಂಕಿನಷ್ಟೇ ಬೆಚ್ಚಗಿನ ಹಾಗೂ ಕ್ಲೋರಿನ್ ನಿವಾರಿಸಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಹೋದಂತೆ ಟ್ಯೂಬಿನ ಬಣ್ಣ ಹಳದಿಗೆ ಮರಳಿತು, ರೆಕ್ಕೆಗಳೂ ಬಿಚ್ಚಿಕೊಂಡವು. ಔಷಧಿಯ ಅಗತ್ಯವೇ ಬೀಳಲಿಲ್ಲ.

ಸಿಕ್ಕ ಅಂಕಿಯನ್ನು ಓದುವುದರಲ್ಲಿ ಮಾತ್ರ ಎಚ್ಚರ ಬೇಕು. ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಹೆಚ್ಚು ವಿಷಕಾರಿಯಾದ ಪಾಲು ಎಷ್ಟೆಂಬುದು ಪಿಎಚ್ ಮತ್ತು ಉಷ್ಣತೆಯನ್ನು ಅವಲಂಬಿಸಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇಕಡ 1ಕ್ಕಿಂತ ಕಡಿಮೆ, ಪಿಎಚ್ 8 ಇದ್ದರೆ ಸುಮಾರು ಶೇಕಡ 5. ಆದ್ದರಿಂದ ಪಿಎಚ್ ಟ್ಯೂಬನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅಮೋನಿಯಾದ ಅಂಕಿಗೆ ಬೆಲೆ ಕಟ್ಟಲಾಗದು. ನೈಟ್ರೈಟ್ ಪರೀಕ್ಷೆಯೂ ಅಷ್ಟೇ ಮುಖ್ಯ, ಏಕೆಂದರೆ ನೈಟ್ರೈಟ್ ರಕ್ತದೊಳಗೆ ಸೇರಿ ಅದರ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಬೆಟ್ಟಾ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುವುದು ಸಹಜ. ಮೇಲ್ಮೈಯಲ್ಲೇ ನಿಂತು ಕಿವಿರುಗಳನ್ನು ಬಿರುಸಾಗಿ ಬಡಿಯುತ್ತಿದ್ದರೆ ಮಾತ್ರ ತಡಮಾಡದೆ ಅಮೋನಿಯಾ ಮತ್ತು ನೈಟ್ರೈಟ್‌ನ ಟ್ಯೂಬುಗಳನ್ನು ನೋಡಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಾಗಿರುವುದೇ ಸರಿಯಾದ ಸ್ಥಿತಿ. ಹೊಸ ಟ್ಯಾಂಕಿನಲ್ಲಿ ಇವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಳೇ ಹಿಡಿಯುವುದರಿಂದ ಆ ಅವಧಿಯಲ್ಲಿ ಕಿಟ್ ತೀರಾ ಅನಿವಾರ್ಯ.

ಈ ಪೆಟ್ಟಿಗೆ ಹೇಳಲಾರದ ಸಂಗತಿಗಳೂ ಅನೇಕ. ನೀರು 24 ಡಿಗ್ರಿಗಿಂತ ತಣ್ಣಗಾದರೆ ಬೆಟ್ಟಾ ಮಂಕಾಗುತ್ತದೆ, ಮೇವು ಕಡಿಮೆ ಮಾಡುತ್ತದೆ. ಅದನ್ನು ತಿಳಿಯಲು ಥರ್ಮಾಮೀಟರ್ ಬೇರೆಯಾಗಿ ಬೇಕು. ಮೈಮೇಲೆ ಬಿಳಿ ಚುಕ್ಕೆಗಳಿದ್ದರೆ, ಟಾರ್ಚ್ ಬೆಳಕಿನಲ್ಲಿ ಹೊನ್ನಿನ ಪುಡಿ ಸವರಿದಂತೆ ಕಂಡರೆ, ಹೊಟ್ಟೆಯುಬ್ಬಿ ಹುರುಪೆಗಳು ಎದ್ದು ನಿಂತರೆ ಅದು ರೋಗದ ಪ್ರಶ್ನೆ. ಅದಕ್ಕೆ ಮೀನುಗಳ ರೋಗ ಬಲ್ಲವರ ಸಲಹೆಯೇ ಆಗಬೇಕು. ಎಲೆಯ ಮೇಲೆ ಒರಗಿ ಮಲಗುವುದು, ರಾತ್ರಿ ಬಣ್ಣ ಮಸುಕಾಗುವುದು, ಗಂಡುಮೀನು ಗುಳ್ಳೆಗಳ ಗೂಡು ಕಟ್ಟುವುದು ಇವೆಲ್ಲ ಅದರ ಸ್ವಭಾವ, ಗಾಬರಿಗೆ ಕಾರಣವಿಲ್ಲ. ಗೂಡು ಕಟ್ಟಿದ ಮಾತ್ರಕ್ಕೆ ನೀರು ಚೆನ್ನಾಗಿದೆಯೆಂದು ನಂಬಿ ಪರೀಕ್ಷೆ ಬಿಡುವುದೂ ಸರಿಯಲ್ಲ. ನಾಲ್ಕೂ ಟ್ಯೂಬುಗಳು ಸರಿಯಾಗಿದ್ದು ಮೀನು ಮಾತ್ರ ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡಾಡುತ್ತಿದ್ದರೆ ಗಾಜಿನಲ್ಲಿ ಕಾಣುವ ಅದರದೇ ಪ್ರತಿಬಿಂಬ, ಫಿಲ್ಟರಿನ ಬಿರುಸಾದ ಸೆಳೆತ, ಅಡಗಲು ತಾವಿಲ್ಲದಿರುವುದು ಇಂಥ ಕಾರಣಗಳತ್ತ ಗಮನ ಹರಿಸಬಹುದು. ನೀರಿನ ಮೇಲಿನ ಅನುಮಾನವನ್ನು ಹೀಗೆ ಬಗೆಹರಿಸಿಕೊಡುವುದು ಈ ಕಿಟ್‌ನ ಎರಡನೆಯ ದೊಡ್ಡ ಉಪಕಾರ.

ಕೊರತೆಗಳಲ್ಲಿ ದೊಡ್ಡದು ಟ್ಯೂಬಿನ ಬಣ್ಣವನ್ನು ಹೋಲಿಸಿ ಅಂಕಿ ಓದಲು ಕೊಡುವ ಬಣ್ಣದ ಕಾರ್ಡ್. ಅಮೋನಿಯಾದ ಶೂನ್ಯಕ್ಕೂ 0.25 ಪಿಪಿಎಂಗೂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಅಳತೆ) ಕಾರ್ಡಿನಲ್ಲಿರುವ ವ್ಯತ್ಯಾಸ ತೀರಾ ಸೂಕ್ಷ್ಮ. ಹಳದಿ ದೀಪದ ಕೆಳಗೆ ಅದು ಕಣ್ಣಿಗೆ ಸಿಗುವುದೇ ಇಲ್ಲ. ಹಗಲ ಬೆಳಕಿನಲ್ಲಿ ಟ್ಯೂಬನ್ನು ಕಾರ್ಡಿನ ಬಿಳಿ ಭಾಗಕ್ಕೆ ತಾಗಿಸಿ ಹಿಡಿದು ನೋಡುವುದು ಲೇಸು, ಬಣ್ಣ ಗುರುತಿಸಲು ತೊಂದರೆಯಿರುವವರು ಇನ್ನೊಬ್ಬರ ಕಣ್ಣನ್ನು ನೆಚ್ಚಿಕೊಳ್ಳಲೇಬೇಕು. ನೈಟ್ರೇಟ್‌ನ ಎರಡನೆಯ ಬಾಟಲಿಯಲ್ಲಿ ವಸ್ತು ತಳದಲ್ಲಿ ಕೂರುತ್ತದೆ. ಅದನ್ನು ಬಲವಾಗಿ ಕುಲುಕದೆ ಬಳಸಿದರೆ ಇರುವುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಇಷ್ಟು ಮುಖ್ಯವಾದ ಸೂಚನೆಯನ್ನು ಕೈಪಿಡಿಯ ಸಣ್ಣ ಅಕ್ಷರಗಳ ನಡುವೆ ಹುದುಗಿಸದೆ ಬಾಟಲಿಯ ಮೇಲೆಯೇ ಎದ್ದು ಕಾಣುವಂತೆ ಮುದ್ರಿಸಬೇಕಿತ್ತು. ದ್ರಾವಣಗಳು ಚರ್ಮವನ್ನು ಸುಡಬಲ್ಲವಾದ್ದರಿಂದ ಟ್ಯೂಬಿನ ಬಾಯಿಗೆ ಬೆರಳಿಟ್ಟು ಕುಲುಕಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು, ಪರೀಕ್ಷಿಸಿದ ನೀರನ್ನು ಟ್ಯಾಂಕಿಗೆ ಮರಳಿ ಸುರಿಯಬಾರದು.

ಅದ್ದಿ ತೆಗೆಯುವ ಕಾಗದದ ಪಟ್ಟಿಗಳು ಇದಕ್ಕಿಂತ ಸುಲಭವೆಂಬುದು ನಿಜ, ಆದರೆ ಅವುಗಳಲ್ಲಿ ಅನೇಕವು ಅಮೋನಿಯಾವನ್ನು ಅಳೆಯುವುದೇ ಇಲ್ಲ. ಬೆಟ್ಟಾ ಸಾಕುವವರಿಗೆ ಅದು ಸಣ್ಣ ಲೋಪವಲ್ಲ. ಪೂರ್ತಿ ಪೆಟ್ಟಿಗೆ ಕೊಳ್ಳಲಾಗದವರು ಅಮೋನಿಯಾ ಮತ್ತು ಪಿಎಚ್ ಪರೀಕ್ಷೆಗಳನ್ನು ಬಿಡಿಯಾಗಿ ಕೊಂಡು ಆರಂಭಿಸಬಹುದು. ಕೊಳ್ಳುವಾಗ ಪೆಟ್ಟಿಗೆಯ ಜೊತೆಗೆ ಪ್ರತಿಯೊಂದು ಬಾಟಲಿಯ ಅವಧಿಯನ್ನೂ ನೋಡಿ ಕೊಳ್ಳಬೇಕು, ಏಕೆಂದರೆ ಅವಧಿ ಮೀರಿದ ದ್ರಾವಣ ತೋರಿಸುವ ಹಳದಿಯನ್ನು ನಂಬಲಾಗದು.