ಎಲ್ಲ ಐಟಿ ಕೆಲಸಕ್ಕೂ ಒಂದೇ ಸಂಸ್ಥೆ: ಕೆಲವು ವರ್ಷಗಳ ಬಳಕೆಯ ನಂತರ

ನೆಟ್‌ವರ್ಕ್, ಇಮೇಲ್, ಸರ್ವರ್, ಬ್ಯಾಕಪ್, ಸಿಸಿಟಿವಿ, ಕೊನೆಗೆ ಪ್ರಿಂಟರ್ ಕೂಡ. ಒಂದೊಂದಕ್ಕೂ ಒಬ್ಬೊಬ್ಬರನ್ನು ಹಿಡಿಯುವುದನ್ನು ಬಿಟ್ಟು, ಎಲ್ಲವನ್ನೂ ಒಂದೇ ಸಂಸ್ಥೆಗೆ ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ ವಹಿಸಿ ಕೆಲವು ವರ್ಷಗಳಾದವು. ಈಚೆಗೆ ಒಪ್ಪಂದವನ್ನು ನವೀಕರಿಸಿದೆವು, ಕೆಲವು ಷರತ್ತುಗಳನ್ನು ಸೇರಿಸಿ.

ಲಾಭವೆಂದರೆ ಹೊಣೆ ಜಾರಿಸುವ ಆಟ ನಿಂತದ್ದು. ಮೊದಲೆಲ್ಲ ಬಿಲ್ಲಿಂಗ್ ನಿಧಾನವಾದರೆ ತಂತ್ರಾಂಶದವರು ನೆಟ್‌ವರ್ಕ್ ಕಡೆ ಬೆರಳು ತೋರಿಸುತ್ತಿದ್ದರು, ನೆಟ್‌ವರ್ಕ್‌ನವರು ಸರ್ವರ್ ಕಡೆ. ಹೊಸಬರು ಬಂದ ಮೇಲೆ ತಿಳಿದದ್ದು: ಬ್ಯಾಕಪ್ ಕೆಲಸದ ವೇಳೆಯಲ್ಲೇ ಓಡುತ್ತಾ ಸರ್ವರ್‌ನ ಡಿಸ್ಕ್ ಅನ್ನು ಹಿಂಡುತ್ತಿತ್ತು. ಅದನ್ನು ರಾತ್ರಿಗೆ ಬದಲಾಯಿಸಿದರು, ಅಷ್ಟೇ. ಎಲ್ಲವನ್ನೂ ಒಟ್ಟಿಗೆ ನೋಡುವವರಿಗೆ ಮಾತ್ರ ಕಾಣುವ ದೋಷವಿದು.

ಒಪ್ಪಂದದ ಭಾಷೆಯನ್ನು ಮಾತ್ರ ಭೂತಗನ್ನಡಿ ಹಿಡಿದು ಓದಬೇಕು. 'ಒಂದು ಗಂಟೆಯಲ್ಲಿ ಸ್ಪಂದನೆ' ಎಂದರೆ ಒಂದು ಗಂಟೆಯಲ್ಲಿ ಯಾರಾದರೂ ಫೋನ್ ಮಾಡುತ್ತಾರೆ ಎಂದಷ್ಟೇ. ದುರಸ್ತಿ ಎಷ್ಟು ಹೊತ್ತಿಗೆ ಆಗುತ್ತದೆ ಎಂಬುದು ಬೇರೆ ಸಾಲು, ಅದನ್ನು ಕೇಳಿ ಬರೆಸಬೇಕು. ಶೇ 99.9 ಲಭ್ಯತೆ ಎಂಬ ಭರವಸೆಯೂ ಹಾಗೆಯೇ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಸೇವೆ ನಿಲ್ಲಬಹುದು. ವಾರ್ಷಿಕ ಲೆಕ್ಕವಾದರೆ ಅಷ್ಟೂ ಹೊತ್ತು ತಿಂಗಳ ಕೊನೆಯ ದಿನವೇ ಬಂದರೂ ಒಪ್ಪಂದ ಮುರಿದಂತಾಗುವುದಿಲ್ಲ!

ನನ್ನ ನಿಜವಾದ ಅಳುಕು ಬೇರೆ. 2021ರ ಜುಲೈನಲ್ಲಿ ಕಸೇಯಾ ಕಂಪನಿಯ, ಗ್ರಾಹಕರ ಕಂಪ್ಯೂಟರ್‌ಗಳನ್ನು ದೂರದಿಂದಲೇ ನಿರ್ವಹಿಸುವ ತಂತ್ರಾಂಶದ ದೋಷ ಹಿಡಿದು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಕೋರರು ನುಗ್ಗಿದಾಗ, ಅದನ್ನು ಬಳಸುತ್ತಿದ್ದ ಐಟಿ ಸಂಸ್ಥೆಗಳ ಗ್ರಾಹಕರೂ ಸಿಕ್ಕಿಬಿದ್ದರು, ನೂರಾರು ಸಣ್ಣ ವ್ಯವಹಾರಗಳು. ನಮ್ಮವರ ಕೈಯಲ್ಲೂ ಅಂಥದೇ ಕೀಲಿಗೊಂಚಲು ಇದೆ. ಹಾಗಾಗಿ ಅವರ ಪ್ರತಿ ಲಾಗಿನ್‌ಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿಸಿದೆವು. ಡೊಮೇನ್ (ಜಾಲತಾಣ, ಇಮೇಲ್‌ಗಳ ವಿಳಾಸ) ನೋಂದಣಿ ನಮ್ಮ ಹೆಸರಿನಲ್ಲೇ ಇದೆ, ಅಡ್ಮಿನ್ ಪಾಸ್‌ವರ್ಡ್‌ಗಳ ಪ್ರತಿ ನಮ್ಮ ತಿಜೋರಿಯಲ್ಲಿದೆ. ಬ್ಯಾಕಪ್‌ನ ಒಂದು ಪ್ರತಿ ಅವರ ಕೈಗೆಟುಕದ ಕಡೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಅವರು ಕಡತಗಳನ್ನು ಮರಳಿ ತೆಗೆದು ತೋರಿಸಬೇಕು. ಈ ಕೊನೆಯದಕ್ಕೆ ಅವರು ಸ್ವಲ್ಪ ಗೊಣಗಿದರು. ಗೊಣಗಲಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಕೊರತೆಗಳೂ ಇವೆ. ನಮ್ಮ ವ್ಯವಸ್ಥೆಯ ಒಳಹೊರಗು ತಿಳಿದಿದ್ದ ಎಂಜಿನಿಯರ್ ಕೆಲಸ ಬಿಟ್ಟಾಗ ಕೆಲವು ವಾರ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ಆಮೇಲೆ ನೆಟ್‌ವರ್ಕ್ ನಕ್ಷೆ, ಲೈಸೆನ್ಸ್ ಪಟ್ಟಿ ಎಲ್ಲವನ್ನೂ ಬರಹದಲ್ಲಿ ಕೊಡಬೇಕೆಂದು ಪಟ್ಟು ಹಿಡಿದೆವು. ಅವರು ಮಾಡಿಕೊಟ್ಟ ಜಾಲತಾಣವಂತೂ ತೀರಾ ಸಪ್ಪೆ. ಆ ಒಂದು ಕೆಲಸವನ್ನು ಹೊರಗಿನವರಿಗೇ ಕೊಟ್ಟಿದ್ದೇವೆ, ಮುಂದೆಯೂ ಕೊಡುತ್ತೇವೆ.